ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ, ಗೆದ್ದಲು ಔಷಧಿ: ಮಗುವಿನ ಮೈಗೆ ಸೇರಿದ್ದೆಷ್ಟು ಅಂತ ಅಳೆಯೋದು ಹೇಗೆ?

"ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯೊಳಗೆ ಎಷ್ಟು ಬಾರಿ ಕೀಟನಾಶಕ ಬಳಸಿದ್ದೀರಿ?"

ಈ ಪ್ರಶ್ನೆಗೆ ನೀವೇ ಒಮ್ಮೆ ಉತ್ತರ ಕೊಟ್ಟು ನೋಡಿ. ಬಹುತೇಕರ ಮೊದಲ ಉತ್ತರ, "ಅಯ್ಯೋ, ನಮ್ಮನೇಲಿ ಅಂಥದ್ದೇನೂ ಇಲ್ಲಪ್ಪ." ಸ್ವಲ್ಪ ತಡೆದು ಯೋಚಿಸಿದರೆ ಒಂದೊಂದೇ ನೆನಪಾಗುತ್ತೆ. ಮಲಗುವ ಕೋಣೆಯ ಪ್ಲಗ್ಗಿನಲ್ಲಿ ರಾತ್ರಿಯಿಡೀ ಉರಿಯುವ ಸೊಳ್ಳೆ ಲಿಕ್ವಿಡ್, ಗ್ಯಾಸ್ ಕಟ್ಟೆ ಕೆಳಗೆ ಎಳೆದ ಜಿರಳೆ ಚಾಕ್, ಸೀರೆ ಪೆಟ್ಟಿಗೆಯ ನುಸಿಗುಳಿಗೆ, ಇಲಿ ಪಾಷಾಣ, ಮಗಳ ತಲೆಹೇನಿಗೆ ತಂದ ಲೋಷನ್, ಮನೆ ಕಟ್ಟುವಾಗ ಪಾಯಕ್ಕೆ ಹೊಡೆಸಿದ ಗೆದ್ದಲು ಔಷಧಿ. ಹಳ್ಳಿ ಮನೆಯಾದರೆ ಅಟ್ಟದ ಮೇಲಿನ ಅರ್ಧ ಖಾಲಿಯಾದ ಬಾಟಲಿ. ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ: ಹೊಲಕ್ಕೆ ಹೊಡೆಯೋ ವಿಷವನ್ನೂ ನಾವು 'ಔಷಧಿ' ಅಂತಲೇ ಕರೀತೀವಿ. ಜ್ವರದ ಮಾತ್ರೆಗೂ ಅದೇ ಪದ. ಸಮೀಕ್ಷೆಗೆ ಬಂದವರು 'ಕೀಟನಾಶಕ' ಅಂತ ಪುಸ್ತಕದ ಪದ ಹಿಡಿದು ಕೇಳಿದರೆ, ಸೊಳ್ಳೆ ಬತ್ತಿ ಆ ಪದದೊಳಗೆ ಬರುತ್ತೆ ಅಂತ ಯಾರಿಗೆ ತೋಚೀತು?

ಮನೆಯಲ್ಲಿ ಬಳಸುವ ಕೀಟನಾಶಕಕ್ಕೂ ಮಕ್ಕಳ ಆರೋಗ್ಯಕ್ಕೂ ಸಂಬಂಧವಿದೆಯೇ ಅಂತ ಕೇಳುವ ಪ್ರತಿ ಅಧ್ಯಯನವೂ ಮೊದಲು ಎಡವುವುದು ಇಲ್ಲೇ. ರೋಗವನ್ನು ಗುರುತಿಸೋದು ಅಷ್ಟು ಕಷ್ಟವಲ್ಲ. ಆ ಮಗುವಿನ ಮೈಗೆ ಏನು, ಎಷ್ಟು, ಯಾವಾಗ ಸೇರಿತು ಅಂತ ತಿಳಿಯೋದೇ ಕಷ್ಟ. ವಿಜ್ಞಾನಿಗಳು ಇದನ್ನು 'ಎಕ್ಸ್‌ಪೋಷರ್' ಅಂತಾರೆ. ಕನ್ನಡದಲ್ಲಿ 'ಒಡ್ಡಿಕೆ' ಅನ್ನಬಹುದು.

ಒಂದೇ ಸಲಕ್ಕೆ ಹೆಚ್ಚು ವಿಷ ಹೊಟ್ಟೆ ಸೇರಿದರೆ ಲೆಕ್ಕ ಸಿಗುತ್ತೆ. 2013ರ ಜುಲೈನಲ್ಲಿ ಬಿಹಾರದ ಛಪ್ರಾ ಬಳಿಯ ಶಾಲೆಯೊಂದರ ಬಿಸಿಯೂಟದಲ್ಲಿ ಮೊನೊಕ್ರೊಟೊಫಾಸ್ ಸೇರಿ 23 ಮಕ್ಕಳು ಸತ್ತರು. ಅದನ್ನು ಯಾರೂ ಅಲ್ಲಗಳೆಯಲು ಆಗಲಿಲ್ಲ. ದಿನಾ ಚೂರು ಚೂರು ಸೇರುವ ವಿಷಕ್ಕೆ ಆಂಬುಲೆನ್ಸ್ ಬರಲ್ಲ, ಎಫ್‌ಐಆರ್ ಆಗಲ್ಲ. ಅದು ಕಾಣಿಸೋದು ಅಂಕಿಅಂಶದಲ್ಲಿ ಮಾತ್ರ. ಅಂಕಿಅಂಶ ಸರಿಯಾಗಿ ಕಾಣಬೇಕಾದರೆ ಅಳತೆ ಸರಿಯಿರಬೇಕು.

ಮಗು ಅಂದ್ರೆ ಸಣ್ಣ ಸೈಜಿನ ದೊಡ್ಡವರಲ್ಲ

ಅಂಬೆಗಾಲಿಡುವ ಮಗುವಿನ ಲೋಕ ಇರೋದು ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ. ಸ್ಪ್ರೇ ಹೊಡೆದದ್ದೆಲ್ಲ ಬಂದು ಕೂರುವುದೂ ಅಲ್ಲೇ. ಕೈ ನೆಲದ ಮೇಲೆ, ಆಮೇಲೆ ಬಾಯೊಳಗೆ. ಒಂದು ಕೆಜಿ ತೂಕಕ್ಕೆ ಲೆಕ್ಕ ಹಾಕಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ, ಹೆಚ್ಚು ನೀರು ಕುಡಿಯುತ್ತಾರೆ, ಹೆಚ್ಚು ತಿನ್ನುತ್ತಾರೆ. ಕೆಲವು ಕೀಟನಾಶಕಗಳನ್ನು ಒಡೆದು ಹಾಕುವ ಪಿಒಎನ್1 ಎಂಬ ಕಿಣ್ವ ನವಜಾತ ಶಿಶುಗಳಲ್ಲಿ ತಾಯಂದಿರಿಗಿಂತ ಕಡಿಮೆ ಇರುತ್ತೆ. ಮಿದುಳಂತೂ ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ.

ಇದನ್ನು ನೀತಿಯ ಮಟ್ಟಕ್ಕೆ ತಂದದ್ದು 1993ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಹೊರತಂದ, ಮಕ್ಕಳ ಆಹಾರದಲ್ಲಿರುವ ಕೀಟನಾಶಕಗಳ ಕುರಿತ ವರದಿ. ಸಮಿತಿಯ ಅಧ್ಯಕ್ಷರು ಮಕ್ಕಳ ವೈದ್ಯ ಫಿಲಿಪ್ ಲ್ಯಾಂಡ್ರಿಗನ್. 1996ರಲ್ಲಿ ಅಲ್ಲಿ ಬಂದ ಹೊಸ ಕಾನೂನು, ಮಕ್ಕಳ ಸುರಕ್ಷತೆಗಾಗಿ ಮಿತಿಯನ್ನು ಇನ್ನೂ ಹತ್ತು ಪಟ್ಟು ಬಿಗಿ ಮಾಡಬೇಕು ಅಂತ ಹೇಳಿತು. ಹತ್ತು ಪಟ್ಟು ಬೇಡ ಅನ್ನುವವರು ಅದಕ್ಕೆ ತಕ್ಕ ದತ್ತಾಂಶ ತೋರಿಸಬೇಕಿತ್ತು.

ಮನೆಯ ವಿಷಯದಲ್ಲಿ ನನಗೆ ಮರೆಯಲಾಗದ ಪ್ರಯೋಗ ಒಂದಿದೆ. 1998ರಲ್ಲಿ ಪ್ರಕಟವಾದದ್ದು, ನಡೆದದ್ದು ನ್ಯೂಜೆರ್ಸಿಯಲ್ಲಿ. ಎರಡು ಅಪಾರ್ಟ್‌ಮೆಂಟುಗಳಲ್ಲಿ ಕ್ಲೋರ್‌ಪೈರಿಫಾಸ್ ಸಿಂಪಡಿಸಿದರು. ಸಿಂಪಡಣೆ ಮುಗಿದು ಹೊತ್ತು ಕಳೆದ ಮೇಲೆ ಒಳಗೆ ಆಟಿಕೆಗಳನ್ನು ಇಟ್ಟರು. ಅಂದ್ರೆ ಆಟಿಕೆಯ ಮೇಲೆ ನೇರವಾಗಿ ಒಂದು ಹನಿಯೂ ಬಿದ್ದಿರಲಿಲ್ಲ. ಆದರೂ ನೆಲದಿಂದ ಆವಿಯಾದ ವಿಷ ಎರಡು ವಾರಗಳ ಕಾಲ ಆ ಆಟಿಕೆಗಳ ಮೇಲೆ, ಅದರಲ್ಲೂ ಮೆತ್ತನೆ ಬೊಂಬೆಗಳಲ್ಲಿ, ಕೂಡುತ್ತಾ ಹೋಯಿತು. 'ಒಂದು ತಾಸು ಕಿಟಕಿ ತೆಗೆದಿಟ್ಟರೆ ಸಾಕು' ಅನ್ನುವ ನಂಬಿಕೆ ಮಗುವಿನ ಮಟ್ಟಿಗೆ ಎಷ್ಟು ಪೊಳ್ಳು ಅಂತ ತೋರಿಸಿದ ಪ್ರಯೋಗ ಅದು.

ಕೇಳಿ ತಿಳಿಯುವುದು, ಮತ್ತು ಅದರ ಮಿತಿ

ಅತಿ ಅಗ್ಗದ ಸಾಧನ ಪ್ರಶ್ನಾವಳಿ. ಮಕ್ಕಳ ರಕ್ತ ಕ್ಯಾನ್ಸರಿನಂತಹ ಅಪರೂಪದ ರೋಗಗಳಿಗೆ ಹೆಚ್ಚಾಗಿ ಇದೇ ಗತಿ. ಸಾವಿರಾರು ಆರೋಗ್ಯವಂತ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದರೂ ರೋಗ ಬರುವುದು ಬೆರಳೆಣಿಕೆಯ ಮಕ್ಕಳಿಗೆ. ಹಾಗಾಗಿ ಉಲ್ಟಾ ಹೋಗುತ್ತಾರೆ. ಈಗಾಗಲೇ ರೋಗ ಬಂದ ಮಕ್ಕಳ ತಾಯಂದಿರನ್ನೂ ರೋಗವಿಲ್ಲದ ಮಕ್ಕಳ ತಾಯಂದಿರನ್ನೂ ಒಂದೇ ಪ್ರಶ್ನೆ ಕೇಳಿ ಹೋಲಿಸುತ್ತಾರೆ.

2010ರಲ್ಲಿ ಕೆನಡಾದ ಸಂಶೋಧಕರು ಇಂತಹ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಗರ್ಭಿಣಿಯಿದ್ದಾಗ ಮನೆಯಲ್ಲಿ ಕೀಟನಾಶಕ ಬಳಸಿದ್ದರೆ ಮಗುವಿಗೆ ಲ್ಯುಕೇಮಿಯಾ ಬರುವ ಸಾಧ್ಯತೆಯ ಅನುಪಾತ 1.54 ಅಂತ ಬಂತು. ಕಳೆನಾಶಕ ಇತ್ಯಾದಿ ಬಿಟ್ಟು ಕೀಟ ಕೊಲ್ಲುವ ರಾಸಾಯನಿಕಗಳನ್ನಷ್ಟೇ ನೋಡಿದರೆ 2.05. 2015ರಲ್ಲಿ ಬಂದ ಮತ್ತೊಂದು ಒಟ್ಟುಲೆಕ್ಕದಲ್ಲಿ, ಬಾಲ್ಯದಲ್ಲಿ ಮನೆಯೊಳಗಿನ ಕೀಟನಾಶಕಕ್ಕೆ ಒಡ್ಡಿಕೊಂಡವರಲ್ಲಿ ಇದು 1.47. ಈ ಸಂಖ್ಯೆಗಳನ್ನು ವಾಟ್ಸಾಪಿನಲ್ಲಿ ಹಂಚುವ ಮುನ್ನ ಒಂದು ಮಾತು: ಲ್ಯುಕೇಮಿಯಾ ಅಪರೂಪದ ರೋಗ. ಅಪರೂಪದ್ದು ಒಂದೂವರೆ ಪಟ್ಟಾದರೂ ಅಪರೂಪವಾಗಿಯೇ ಉಳಿಯುತ್ತೆ. ಹಾಗಂತ ಅದು ಸಣ್ಣ ವಿಷಯವೂ ಅಲ್ಲ, ಯಾಕಂದ್ರೆ ಕೀಟನಾಶಕ ಬಳಸುವ ಮನೆಗಳು ಕೋಟಿಗಟ್ಟಲೆ.

ಈ ವಿಧಾನದ ದೊಡ್ಡ ತಕರಾರು ನೆನಪಿನದು. ಮಗುವಿಗೆ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದ ಆ ತಾಯಿ ರಾತ್ರಿಯೆಲ್ಲ ತನ್ನ ಬಸುರಿನ ದಿನಗಳನ್ನು ಕೆದಕುತ್ತಿರುತ್ತಾಳೆ: ಏನು ತಿಂದೆ, ಏನು ಮುಟ್ಟಿದೆ, ಎಲ್ಲಿ ತಪ್ಪಿದೆ. ಆರೋಗ್ಯವಂತ ಮಗುವಿನ ತಾಯಿಗೆ ಹಾಗೆ ಕೆದಕುವ ದರ್ದು ಇಲ್ಲ. ಹಾಗಾಗಿ ರೋಗಿಗಳ ಗುಂಪಿನಲ್ಲಿ 'ಹೌದು, ಬಳಸಿದ್ವಿ' ಅನ್ನುವ ಉತ್ತರ ಹೆಚ್ಚಾಗಿ, ಇಲ್ಲದ ಸಂಬಂಧ ಇರುವಂತೆ ಕಾಣಬಹುದು. ಕೀಟನಾಶಕ ಕಂಪನಿಗಳ ಪರ ವಾದಿಸುವವರು ಮೊದಲು ಹಿಡಿಯುವ ಎಳೆಯೇ ಇದು. ತಕರಾರು ಸುಳ್ಳೇನಲ್ಲ.

ಆದರೆ ಅವರು ಹೇಳದೆ ಬಿಡುವ ಇನ್ನೊಂದು ತಪ್ಪಿದೆ. ಎರಡೂ ಗುಂಪಿನವರು ಒಂದೇ ಪ್ರಮಾಣದಲ್ಲಿ ಮರೆತರೆ? ಒಂದು ಕಾಲ್ಪನಿಕ ಲೆಕ್ಕ ನೋಡೋಣ. ನಿಜಕ್ಕೂ ಸ್ಪ್ರೇ ಬಳಸುವ 200 ಮನೆಗಳಲ್ಲಿ 40 ಮಕ್ಕಳಿಗೆ ಉಬ್ಬಸ, ಬಳಸದ 200 ಮನೆಗಳಲ್ಲಿ 20 ಮಕ್ಕಳಿಗೆ ಉಬ್ಬಸ ಅಂತಿಟ್ಟುಕೊಳ್ಳಿ. ಅಪಾಯ ಸರಿಯಾಗಿ ಎರಡು ಪಟ್ಟು. ಈಗ ಎರಡೂ ಕಡೆ ಕಾಲು ಭಾಗದಷ್ಟು, ಅಂದ್ರೆ ಐವತ್ತೈವತ್ತು ಮನೆಯವರು, ಮರೆತೋ ತಿಳಿಯದೆಯೋ ತಪ್ಪು ಉತ್ತರ ಕೊಟ್ಟರು. 'ಬಳಸುವವರು' ಅಂತ ನಾವು ಬರೆದುಕೊಂಡ ಪಟ್ಟಿಯಲ್ಲಿ ಈಗ ಉಬ್ಬಸದ ಮಕ್ಕಳು 30 ಮತ್ತು 5, ಒಟ್ಟು 35. 'ಬಳಸದವರು' ಪಟ್ಟಿಯಲ್ಲಿ 15 ಮತ್ತು 10, ಒಟ್ಟು 25. ಎರಡು ಪಟ್ಟಿದ್ದ ಅಪಾಯ 1.4 ಪಟ್ಟಿಗೆ ಇಳಿಯಿತು. ಯಾರೂ ಮೋಸ ಮಾಡಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಅಳತೆ ಮಸುಕಾಯಿತು, ಅಪಾಯ ಅರ್ಧಕ್ಕಿಂತ ಹೆಚ್ಚು ಮಾಯವಾಯಿತು. 'ಸಂಬಂಧ ಕಂಡುಬಂದಿಲ್ಲ' ಅನ್ನುವ ತಲೆಬರಹ ಓದಿದಾಗಲೆಲ್ಲ ಈ ಲೆಕ್ಕ ನೆನಪಿರಲಿ. ಸಂಬಂಧ ಇಲ್ಲದಿರುವುದು ಬೇರೆ, ತಕ್ಕಡಿಗೆ ತುಕ್ಕು ಹಿಡಿದಿರುವುದು ಬೇರೆ.

ದೂಳಿನ ಸಾಕ್ಷಿ

ನೆನಪು ನಂಬಲಾಗದಿದ್ದರೆ ಮನೆಯನ್ನೇ ಕೇಳಿದರಾಯ್ತು. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಾಣುಗಳು ಹೊರಗಡೆ ಕೀಟನಾಶಕವನ್ನು ಒಡೆಯುತ್ತವೆ. ಮನೆಯೊಳಗೆ ಇದ್ಯಾವುದೂ ಇಲ್ಲ. ಕಾರ್ಪೆಟ್ಟಿನ ಬುಡ ಸೇರಿದ್ದು ವರ್ಷಗಟ್ಟಲೆ ಉಳಿಯುತ್ತೆ. ಅಮೆರಿಕ ಡಿಡಿಟಿಯನ್ನು ನಿಷೇಧಿಸಿದ್ದು 1972ರಲ್ಲಿ. ದಶಕಗಳ ನಂತರವೂ ಅಲ್ಲಿನ ಮನೆಗಳ ಕಾರ್ಪೆಟ್ ದೂಳಿನಲ್ಲಿ ಡಿಡಿಟಿ ಸಿಕ್ಕಿತು.

ಇದಕ್ಕಾಗಿಯೇ ಎಚ್‌ವಿಎಸ್3 ಅನ್ನುವ ವಿಶೇಷ ವ್ಯಾಕ್ಯೂಮ್ ಯಂತ್ರ ಇದೆ. ಗೊತ್ತಾದ ಅಳತೆಯ ಜಾಗದಿಂದ ದೂಳು ಎಳೆದು, ಪ್ರತಿ ಚದರ ಮೀಟರಿಗೆ ಎಷ್ಟು ವಿಷ ಅಂತ ಹೇಳಬಲ್ಲದು. ಉತ್ತರ ಕ್ಯಾಲಿಫೋರ್ನಿಯಾದ ಮಕ್ಕಳ ಲ್ಯುಕೇಮಿಯಾ ಅಧ್ಯಯನ ಈ ದಾರಿ ಹಿಡಿಯಿತು. ಅಲ್ಲೇ ಇನ್ನೊಂದು ಉಪಯುಕ್ತ ವಿಷಯವೂ ಗೊತ್ತಾಯಿತು: ಮನೆಯವರ ಮಾಮೂಲಿ ವ್ಯಾಕ್ಯೂಮ್ ಕ್ಲೀನರಿನ ಚೀಲದ ದೂಳು ಕೊಡುವ ಫಲಿತಾಂಶವೂ ಹೆಚ್ಚುಕಡಿಮೆ ಅದಕ್ಕೆ ಹೊಂದುತ್ತೆ. ದುಬಾರಿ ಯಂತ್ರ ಹೊತ್ತು ಮನೆ ಮನೆ ತಿರುಗುವ ಬದಲು ಚೀಲ ತರಿಸಿಕೊಂಡರೆ ಸಾಕು.

ದೂಳು ಮತ್ತೊಂದು ಸತ್ಯ ಹೇಳಿತು. ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯ ಸೇಬಿನ ತೋಟಗಳ ಕೂಲಿಗಳ ಮನೆಗಳಲ್ಲೂ ಅವರು ಓಡಾಡುವ ಗಾಡಿಗಳಲ್ಲೂ ಅಜಿನ್‌ಫಾಸ್ ಮಿಥೈಲ್ ಸಿಕ್ಕಿತು. ಅದು ತೋಟದ ವಿಷ, ಮನೆಯಲ್ಲಿ ಯಾರೂ ಬಳಸುವಂಥದ್ದಲ್ಲ. ಬೂಟು, ಬಟ್ಟೆ, ಕಾರಿನ ಮ್ಯಾಟಿನ ಮೂಲಕ ತೊಟ್ಟಿಲವರೆಗೆ ಬಂದಿತ್ತು. 'ಮನೆ ಬಳಕೆಯ ಕೀಟನಾಶಕ' ಮತ್ತು 'ಕೃಷಿ ಕೀಟನಾಶಕ' ಅಂತ ಕಾಗದದಲ್ಲಿ ಹಾಕಿದ ಗೆರೆ ದುಡಿಯುವವರ ಮನೆ ಬಾಗಿಲಲ್ಲಿ ಅಳಿಸಿಹೋಗುತ್ತೆ.

ಮೈಯೊಳಗಿನ ಲೆಕ್ಕ

ದೂಳಿನಲ್ಲಿ ಇದೆ ಅಂದಮಾತ್ರಕ್ಕೆ ಮೈಗೆ ಸೇರಿದೆ ಅಂತಲ್ಲ. ಅದಕ್ಕೇ ಮೂತ್ರ ಪರೀಕ್ಷೆ. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ದೇಹದಲ್ಲಿ ಒಡೆದು ಡಯಾಲ್ಕೈಲ್ ಫಾಸ್ಫೇಟ್ ಎಂಬ ಚೂರುಗಳಾಗಿ ಹೊರಹೋಗುತ್ತವೆ. ಸೊಳ್ಳೆ ಲಿಕ್ವಿಡ್, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಗುಂಪಿನ ಹಲವು ರಾಸಾಯನಿಕಗಳು 3-ಪಿಬಿಎ ಎಂಬ ಚೂರನ್ನು ಬಿಡುತ್ತವೆ.

ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯ ಚಮಾಕೋಸ್ ಅಧ್ಯಯನ ಈ ದಾರಿಯ ಹೆಸರಾಂತ ಉದಾಹರಣೆ. ಮೆಕ್ಸಿಕನ್ ಸ್ಪ್ಯಾನಿಷಿನಲ್ಲಿ ಚಮಾಕೋಸ್ ಅಂದ್ರೆ ಚಿಳ್ಳೆಪಿಳ್ಳೆಗಳು. ಬರ್ಕ್ಲಿ ವಿಶ್ವವಿದ್ಯಾಲಯದ ಬ್ರೆಂಡಾ ಎಸ್ಕೆನಾಜಿ ನೇತೃತ್ವದಲ್ಲಿ 1999-2000ರಲ್ಲಿ 601 ಗರ್ಭಿಣಿಯರನ್ನು ಸೇರಿಸಿಕೊಂಡರು, ಬಹುತೇಕ ಮೆಕ್ಸಿಕೋ ಮೂಲದ ಕೃಷಿ ಕಾರ್ಮಿಕ ಕುಟುಂಬಗಳವರು. 2011ರ ವರದಿಯ ಪ್ರಕಾರ, ಗರ್ಭಾವಸ್ಥೆಯಲ್ಲಿ ಮೂತ್ರದಲ್ಲಿ ಅತಿ ಹೆಚ್ಚು ಚೂರುಗಳಿದ್ದ ಐದನೇ ಒಂದು ಭಾಗದ ತಾಯಂದಿರ ಮಕ್ಕಳ ಐಕ್ಯೂ, ಏಳನೇ ವಯಸ್ಸಿನಲ್ಲಿ, ಅತಿ ಕಡಿಮೆ ಇದ್ದ ಐದನೇ ಒಂದು ಭಾಗದವರ ಮಕ್ಕಳಿಗಿಂತ 7 ಅಂಕ ಕಡಿಮೆ.

ತೊಡಕುಗಳೇನು? ಈ ವಿಷಗಳು ಒಂದೆರಡು ದಿನದಲ್ಲೇ ಮೈಯಿಂದ ಹೊರಹೋಗುತ್ತವೆ. ಸೋಮವಾರದ ಮೂತ್ರ ಶನಿವಾರ-ಭಾನುವಾರದ ಕಥೆ ಹೇಳೀತೇ ಹೊರತು ಒಂಬತ್ತು ತಿಂಗಳದ್ದಲ್ಲ. ಒಂದೇ ಮಗುವಿನ ಎರಡು ದಿನದ ಮಾದರಿಗಳೇ ಒಂದಕ್ಕೊಂದು ತಾಳೆಯಾಗದಿರಬಹುದು. ನೀರು ಹೆಚ್ಚು ಕುಡಿದಿದ್ದರೆ ಮೂತ್ರ ತೆಳು, ಅದಕ್ಕೆ ಕ್ರಿಯಾಟಿನಿನ್ ಲೆಕ್ಕದಿಂದ ಸರಿದೂಗಿಸಬೇಕು. ಡಯಾಲ್ಕೈಲ್ ಫಾಸ್ಫೇಟ್ ಚೂರು ನೋಡಿ ಅದು ಯಾವ ಕೀಟನಾಶಕದ್ದು ಅಂತ ಹೇಳಲಾಗದು. ಇನ್ನೂ ಒಂದಿದೆ: ಹಣ್ಣು ತರಕಾರಿಯ ಮೇಲೆ ಮೊದಲೇ ಒಡೆದು ಕೂತ, ಹಾನಿ ಮಾಡದ ಚೂರನ್ನೇ ಮಗು ತಿಂದು ಹೊರಹಾಕಿರಬಹುದು.

ಊಟದ ಪಾಲೆಷ್ಟು ಅಂತ ತೋರಿಸಿದ್ದು ಸಿಯಾಟಲ್ ಬಳಿ 23 ಮಕ್ಕಳ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನ. ಐದು ದಿನ ಸಾವಯವ ಆಹಾರ ಕೊಟ್ಟಾಗ ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್ ಚೂರುಗಳು ಕೂಡಲೇ ಪತ್ತೆಯಾಗದ ಮಟ್ಟಕ್ಕೆ ಇಳಿದವು. ಮಾಮೂಲಿ ಊಟಕ್ಕೆ ಮರಳಿದಾಗ ಮತ್ತೆ ಏರಿದವು. ಆದರೆ ಅದೇ ಮಕ್ಕಳಲ್ಲಿ ಪೈರೆಥ್ರಾಯ್ಡ್ ಚೂರುಗಳು ಹೀಗೆ ಇಳಿಯಲಿಲ್ಲ. ಅವುಗಳಿಗೆ ಮುಖ್ಯ ಕಾರಣ ಮನೆಯಲ್ಲಿ ಕೀಟನಾಶಕ ಬಳಸುತ್ತಿದ್ದದ್ದು. ಅಂದ್ರೆ ಒಂದೇ ಲೋಟ ಮೂತ್ರದಲ್ಲಿ ಎರಡು ಬೇರೆ ಬೇರೆ ಕಥೆ: ಒಂದು ಅಡುಗೆಮನೆಯದ್ದು, ಇನ್ನೊಂದು ಪ್ಲಗ್ ಪಾಯಿಂಟಿನದ್ದು.

ಇತ್ತೀಚಿನ ಸಾಧನ ಸಿಲಿಕೋನ್ ಕೈಪಟ್ಟಿ. 2014ರಲ್ಲಿ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕಿಮ್ ಆಂಡರ್ಸನ್ ತಂಡ ಇದನ್ನು ತೋರಿಸಿಕೊಟ್ಟಿತು. ಕಾಲೇಜು ಹುಡುಗರು ಹಾಕಿಕೊಳ್ಳುವ ರಬ್ಬರ್ ಬ್ಯಾಂಡಿನಂಥದ್ದೇ. ಒಂದು ವಾರ ಹಾಕಿಕೊಂಡರೆ ಸುತ್ತಲಿನ ರಾಸಾಯನಿಕಗಳನ್ನು ಹೀರಿಕೊಂಡಿರುತ್ತೆ. ಸೂಜಿ ಬೇಡ, ಮಕ್ಕಳು ಅಳಲ್ಲ.

ನ್ಯೂಯಾರ್ಕಿನ ಬೆನ್ನಚೀಲ

ಅಳತೆ ಚೆನ್ನಾಗಿದ್ದರೆ ಏನಾಗುತ್ತೆ, ಆಮೇಲೆ ರಾಜಕೀಯ ಏನು ಮಾಡುತ್ತೆ ಎನ್ನುವುದಕ್ಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಯನಕ್ಕಿಂತ ಒಳ್ಳೆಯ ಪಾಠ ಇಲ್ಲ.

ಜಾಗ: ನ್ಯೂಯಾರ್ಕಿನ ಉತ್ತರ ಮ್ಯಾನ್‌ಹಟನ್ ಮತ್ತು ದಕ್ಷಿಣ ಬ್ರಾಂಕ್ಸ್. ಹಳೆ ಬಾಡಿಗೆ ಕಟ್ಟಡಗಳು, ಸೋರುವ ಪೈಪು, ಜಿರಳೆ, ಇಲಿ. ವಾಸವಿದ್ದವರು ಆಫ್ರಿಕನ್-ಅಮೆರಿಕನ್ ಮತ್ತು ಡೊಮಿನಿಕನ್ ಕುಟುಂಬಗಳು. 1998ರಿಂದ ಫ್ರೆಡೆರಿಕಾ ಪೆರೇರಾ, ರಾಬಿನ್ ವ್ಯಾಟ್, ವರ್ಜೀನಿಯಾ ರಾಹ್ ಮತ್ತಿತರರು ಅಲ್ಲಿನ ಗರ್ಭಿಣಿಯರನ್ನು ಅಧ್ಯಯನಕ್ಕೆ ಸೇರಿಸಿದರು. ಏಳನೇ ತಿಂಗಳ ನಂತರ ಪ್ರತಿಯೊಬ್ಬರೂ 48 ಗಂಟೆ ಒಂದು ಬೆನ್ನಚೀಲ ಹೊತ್ತು ಓಡಾಡಬೇಕಿತ್ತು. ಅದರೊಳಗೊಂದು ಪುಟ್ಟ ಪಂಪು, ಅವರು ಉಸಿರಾಡುವ ಗಾಳಿಯನ್ನೇ ಎಳೆದು ಸೋಸುತ್ತಿತ್ತು. ಮಲಗುವಾಗ ಹಾಸಿಗೆ ಪಕ್ಕ. ಹೆರಿಗೆಯಾದಾಗ ಹೊಕ್ಕುಳಬಳ್ಳಿಯ ರಕ್ತ ತೆಗೆದಿಟ್ಟರು.

ಮೊದಲ ಫಲಿತಾಂಶಗಳು 2002ರಲ್ಲಿ ಬಂದವು. ಸುಮಾರು ಶೇ. 85ರಷ್ಟು ಮಹಿಳೆಯರು ಗರ್ಭಿಣಿಯಿದ್ದಾಗ ಮನೆಯಲ್ಲಿ ಕೀಟನಿಯಂತ್ರಣ ನಡೆದಿದೆ ಅಂದರು. ಮೊದಲು ಪರೀಕ್ಷಿಸಿದ 72 ಮಹಿಳೆಯರ ಗಾಳಿ ಮಾದರಿಗಳಲ್ಲಿ ಪ್ರತಿಯೊಂದರಲ್ಲೂ ಕ್ಲೋರ್‌ಪೈರಿಫಾಸ್, ಡಯಾಜಿನಾನ್, ಪ್ರೊಪಾಕ್ಸರ್ ಇದ್ದವು. ಏನೂ ಬಳಸಿಲ್ಲ ಅಂದವರ ಗಾಳಿಯಲ್ಲೂ. ಪ್ರಶ್ನಾವಳಿ ಮಾತ್ರ ನಂಬಿದ್ದರೆ ಇವರು 'ಒಡ್ಡಿಕೆ ಇಲ್ಲದವರು' ಪಟ್ಟಿಗೆ ಹೋಗುತ್ತಿದ್ದರು.

2006ರ ವರದಿ: ಹೊಕ್ಕುಳ ರಕ್ತದಲ್ಲಿ ಪ್ರತಿ ಗ್ರಾಮಿಗೆ 6.17 ಪಿಕೊಗ್ರಾಮಿಗಿಂತ ಹೆಚ್ಚು ಕ್ಲೋರ್‌ಪೈರಿಫಾಸ್ ಇದ್ದ ಮಕ್ಕಳಲ್ಲಿ ಮೂರನೇ ವಯಸ್ಸಿಗೆ ಬೆಳವಣಿಗೆಯ ಹಿಂದುಳಿಕೆ ಹೆಚ್ಚು. ಪಿಕೊಗ್ರಾಮ್ ಅಂದ್ರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. 2011ರಲ್ಲಿ, ಏಳನೇ ವಯಸ್ಸಿನ 265 ಮಕ್ಕಳಲ್ಲಿ, ಒಡ್ಡಿಕೆ ಹೆಚ್ಚಿದಂತೆ ಐಕ್ಯೂ ಮತ್ತು ಕ್ರಿಯಾಶೀಲ ಜ್ಞಾಪಕಶಕ್ತಿ ಎರಡೂ ಇಳಿದದ್ದು ಕಂಡಿತು. 2012ರಲ್ಲಿ 40 ಮಕ್ಕಳ ಮಿದುಳಿನ ಎಂಆರ್‌ಐ ಮಾಡಿದಾಗ ರಚನೆಯಲ್ಲೇ ವ್ಯತ್ಯಾಸ ಸಿಕ್ಕಿತು.

ನಡುವೆ ಒಂದು ಸಹಜ ಪ್ರಯೋಗವೂ ಆಗಿಹೋಗಿತ್ತು. 2000ರ ಜೂನಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, ತಯಾರಕರ ಜೊತೆ ಒಪ್ಪಂದ ಮಾಡಿಕೊಂಡು ಕ್ಲೋರ್‌ಪೈರಿಫಾಸಿನ ಮನೆ ಬಳಕೆಯನ್ನು ಹಂತ ಹಂತವಾಗಿ ನಿಲ್ಲಿಸಿತು. ಅಧ್ಯಯನ ಆಗ ಅರ್ಧ ದಾರಿಯಲ್ಲಿತ್ತು. 2001ರ ನಂತರ ಹುಟ್ಟಿದ ಮಕ್ಕಳ ಹೊಕ್ಕುಳ ರಕ್ತದಲ್ಲಿ ಅದರ ಮಟ್ಟ ತಟ್ಟನೆ ಕುಸಿಯಿತು. ಅದಕ್ಕೂ ಮುಂಚೆ ಹುಟ್ಟಿದವರಲ್ಲಿ ವಿಷ ಹೆಚ್ಚಿದಂತೆ ಜನನ ತೂಕ ಇಳಿಯುತ್ತಿತ್ತು. ನಂತರ ಹುಟ್ಟಿದವರಲ್ಲಿ ಆ ಸಂಬಂಧವೇ ಕಾಣಲಿಲ್ಲ. ಇಷ್ಟು ಚೊಕ್ಕದ ಸಾಕ್ಷ್ಯ ಈ ಕ್ಷೇತ್ರದಲ್ಲಿ ವಿರಳ.

ಗಮನಿಸಬೇಕಾದ್ದು: ಮನೆ ಬಳಕೆ ನಿಂತಿತು, ಹೊಲದ ಬಳಕೆ ನಿಲ್ಲಲಿಲ್ಲ. ಹೊಲದಲ್ಲೂ ನಿಲ್ಲಿಸಿ ಅಂತ 2007ರಲ್ಲಿ ಪರಿಸರ ಸಂಘಟನೆಗಳು ಅರ್ಜಿ ಹಾಕಿದವು. 2016ರಲ್ಲಿ ಇಪಿಎ ಕೊಲಂಬಿಯಾದ ಹೊಕ್ಕುಳ ರಕ್ತದ ಅಂಕಿಗಳಿಂದಲೇ ಮಿತಿ ನಿಗದಿ ಮಾಡಲು ಹೊರಟಾಗ ಅದರದ್ದೇ ವೈಜ್ಞಾನಿಕ ಸಲಹಾ ಸಮಿತಿ ತಡೆಯಿತು. ಹೆರಿಗೆ ದಿನದ ಒಂದೇ ಮಾದರಿಯಿಂದ ಇಡೀ ಗರ್ಭಾವಸ್ಥೆಯ ಪ್ರಮಾಣ ಲೆಕ್ಕ ಹಾಕೋದು ಹೇಗೆ ಅನ್ನೋದು ಅದರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ 2017ರ ಮಾರ್ಚಿನಲ್ಲಿ ಟ್ರಂಪ್ ಸರ್ಕಾರದ ಇಪಿಎ ಮುಖ್ಯಸ್ಥ ಸ್ಕಾಟ್ ಪ್ರುಯಿಟ್ ಅರ್ಜಿಯನ್ನೇ ತಳ್ಳಿಹಾಕಿದರು. 2018ರಲ್ಲಿ 'ಪಾರದರ್ಶಕ ವಿಜ್ಞಾನ' ಅನ್ನುವ ಚಂದದ ಹೆಸರಿನ ಕರಡು ನಿಯಮ ಬಂತು: ಕಚ್ಚಾ ದತ್ತಾಂಶ ಬಹಿರಂಗ ಮಾಡದ ಅಧ್ಯಯನಗಳಿಗೆ ನೀತಿ ರೂಪಿಸುವಾಗ ಬೆಲೆ ಕಡಿಮೆ. ತಾಯಿ ಮಕ್ಕಳ ಆರೋಗ್ಯದ ವಿವರಗಳನ್ನು ಗೋಪ್ಯವಾಗಿಡ್ತೀವಿ ಅಂತ ಮಾತು ಕೊಟ್ಟೇ ನಡೆಸಿದ ಅಧ್ಯಯನಗಳಿಗೆ ಇದು ನೇರ ಪೆಟ್ಟು. ಆ ನಿಯಮವನ್ನು 2021ರ ಫೆಬ್ರವರಿಯಲ್ಲಿ ನ್ಯಾಯಾಲಯ ರದ್ದು ಮಾಡಿತು. 2021ರ ಆಗಸ್ಟಿನಲ್ಲಿ ಆಹಾರ ಬೆಳೆಗಳಲ್ಲಿ ಕ್ಲೋರ್‌ಪೈರಿಫಾಸಿಗೆ ಇದ್ದ ಅನುಮತಿಯನ್ನೆಲ್ಲ ಇಪಿಎ ಹಿಂಪಡೆಯಿತು. 2023ರ ನವೆಂಬರಿನಲ್ಲಿ ಇನ್ನೊಂದು ನ್ಯಾಯಾಲಯ ಆ ಆದೇಶವನ್ನೂ ತಳ್ಳಿಹಾಕಿತು. ಬೆನ್ನಚೀಲ ಹೊತ್ತ ತಾಯಂದಿರ ಮಕ್ಕಳು ಅಷ್ಟರಲ್ಲಿ ಮತ ಹಾಕುವ ವಯಸ್ಸಿಗೆ ಬಂದಿದ್ದರು.

970 ಡಾಲರ್ ಮತ್ತು ಒಂದು ವಿಡಿಯೋ ಕ್ಯಾಮೆರಾ

ಅಳತೆ ಅಗತ್ಯ ಅಂದಮಾತ್ರಕ್ಕೆ ಹೇಗೆ ಬೇಕಾದರೂ ಅಳೆಯಬಹುದೇ? 2004ರಲ್ಲಿ ಇಪಿಎ ಫ್ಲೋರಿಡಾದ ಜ್ಯಾಕ್ಸನ್‌ವಿಲ್ ಪ್ರದೇಶದಲ್ಲಿ ಚಿಯರ್ಸ್ ಎಂಬ ಅಧ್ಯಯನ ಯೋಜಿಸಿತು. ಮೂರು ವರ್ಷದೊಳಗಿನ 60 ಮಕ್ಕಳು, ಎರಡು ವರ್ಷ. ಮನೆಯಲ್ಲಿ ಕೀಟನಾಶಕ ಬಳಸುವ ಕುಟುಂಬಗಳೇ ಬೇಕು. ಪ್ರತಿಫಲ 970 ಡಾಲರ್‌ವರೆಗೆ, ಮಗುವಿನ ಚಟುವಟಿಕೆ ಚಿತ್ರಿಸಲು ಕೊಟ್ಟ ಕ್ಯಾಮೆರಾ ಕೊನೆಗೆ ಅವರಿಗೇ. ರಾಸಾಯನಿಕ ಉದ್ಯಮದ ಸಂಘಟನೆಯಾದ ಅಮೆರಿಕನ್ ಕೆಮಿಸ್ಟ್ರಿ ಕೌನ್ಸಿಲ್ 20 ಲಕ್ಷ ಡಾಲರ್ ಸೇರಿಸುವುದಾಗಿ ಒಪ್ಪಿತ್ತು.

"ನಾವು ಯಾರಿಗೂ ಹೆಚ್ಚು ಬಳಸಿ ಅಂತ ಹೇಳಿಲ್ಲ, ಬಳಸುತ್ತಿರುವವರನ್ನು ಗಮನಿಸ್ತೀವಿ ಅಷ್ಟೇ" ಎಂಬುದು ಸಂಸ್ಥೆಯ ಸಮರ್ಥನೆ. ಬಡ ಕುಟುಂಬಕ್ಕೆ 970 ಡಾಲರ್ ಅಂದ್ರೆ ಸ್ಪ್ರೇ ನಿಲ್ಲಿಸಬೇಡಿ ಅಂತ ಕೊಡುವ ದುಡ್ಡೇ ಅಲ್ವಾ ಅಂತ ವಿರೋಧಿಗಳು ಕೇಳಿದರು. ಇಪಿಎ ಮುಖ್ಯಸ್ಥರಾಗಿ ಸ್ಟೀಫನ್ ಜಾನ್ಸನ್ ಅವರ ನೇಮಕವನ್ನು ಸೆನೆಟರುಗಳಾದ ಬಾರ್ಬರಾ ಬಾಕ್ಸರ್ ಮತ್ತು ಬಿಲ್ ನೆಲ್ಸನ್ ತಡೆಹಿಡಿದ ಮೇಲೆ, 2005ರ ಏಪ್ರಿಲಿನಲ್ಲಿ ಅಧ್ಯಯನ ರದ್ದಾಯಿತು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ತಪ್ಪಿದ್ದದ್ದು ಹಣ ಕೊಟ್ಟದ್ದಲ್ಲ. ಜನರ ಸಮಯಕ್ಕೆ ಬೆಲೆ ಕೊಡಲೇಬೇಕು. ಮಗುವಿನ ಮೂತ್ರದಲ್ಲಿ ಹೆಚ್ಚು ವಿಷ ಕಂಡರೆ ಆ ತಾಯಿಗೆ ಯಾರು, ಯಾವಾಗ, ಏನು ಹೇಳ್ತಾರೆ ಅನ್ನುವ ಪ್ರಶ್ನೆಗೆ ಹಣಕ್ಕಿಂತ ಮೊದಲು ಉತ್ತರ ಇರಬೇಕಿತ್ತು.

ಪಡ್ರೆಯ ರಕ್ತ, ಎರಡು ವರದಿ

ನಮ್ಮ ಹತ್ತಿರದ ಕಥೆ ಮನೆ ಸ್ಪ್ರೇಯದ್ದಲ್ಲ, ಆಕಾಶದಿಂದ ಸುರಿದದ್ದು. ಆದರೆ ಅಳತೆಯ ಪಾಠ ಅದೇ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ, ಕನ್ನಡ-ತುಳು ಮಾತಾಡುವ ಊರು. ಸುತ್ತಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 20 ವರ್ಷಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಬುಡದ ಮನೆಗಳ ಅಂಗಳ, ಬಾವಿ, ಸುರಂಗದ ನೀರು ಯಾವುದೂ ತಪ್ಪಲಿಲ್ಲ. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಹೇಳತೊಡಗಿದರು, ಪತ್ರಕರ್ತ ಶ್ರೀಪಡ್ರೆ ಬರೆಯತೊಡಗಿದರು.

2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ಊರಿನ ನೀರು, ಮಣ್ಣು, ಜನರ ರಕ್ತ ಪರೀಕ್ಷಿಸಿ ಹೆಚ್ಚಿನ ಪ್ರಮಾಣದ ಎಂಡೋಸಲ್ಫಾನ್ ಇದೆ ಅಂತು. ತೋಟದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಷನ್ ಬೇರೊಂದು ಸಂಸ್ಥೆಯಿಂದ ಪರೀಕ್ಷೆ ಮಾಡಿಸಿತು. ಅದು ರಕ್ತದಲ್ಲಿ ಏನೂ ಇಲ್ಲ ಅಂತು. ಒಂದೇ ಊರು, ಎರಡು ವರದಿ. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂತು. 10ರಿಂದ 19 ವರ್ಷದ 117 ಹುಡುಗರು, ಸಿಂಪಡಣೆ ಇಲ್ಲದ ಕಡೆಯ 90 ಹುಡುಗರು. 2003ರಲ್ಲಿ ಪ್ರಕಟವಾದ ಫಲಿತಾಂಶ: ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ, ಹೋಲಿಕೆಯ ಗುಂಪಿನಲ್ಲಿ 1.37. ಲೈಂಗಿಕ ಬೆಳವಣಿಗೆ ತಡ, ಟೆಸ್ಟೊಸ್ಟೆರಾನ್ ಕಡಿಮೆ. ಕೇರಳದ ಕಡೆ ಸಿಂಪಡಣೆ ನಿಂತದ್ದು 2000ದ ಕೊನೆಯಲ್ಲಿ. ಅಂದ್ರೆ ಇದು ಸುರಿದು ಮುಗಿದ ಮೇಲೆ ಉಳಿದ ಅಳತೆ. ಆ ಹುಡುಗರು ಹೊಟ್ಟೆಯಲ್ಲಿದ್ದಾಗ ತಾಯಿಯ ರಕ್ತದಲ್ಲಿ ಎಷ್ಟಿತ್ತೋ, ಅದನ್ನು ಯಾರೂ ತೆಗೆದಿಟ್ಟಿರಲಿಲ್ಲ. ಗಡಿಯ ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಯ ಕುಟುಂಬಗಳೂ 'ನಿಮ್ಮ ಮಗುವಿನ ಸ್ಥಿತಿಗೆ ಅದೇ ಕಾರಣ ಅನ್ನೋದಕ್ಕೆ ಏನು ಪುರಾವೆ' ಎಂಬ ಪ್ರಶ್ನೆ ಎದುರಿಸಿದ್ದು ಇಂಥ ಖಾಲಿ ಜಾಗದಲ್ಲೇ. ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶಾದ್ಯಂತ ನಿಲ್ಲಿಸಿದ್ದು 2011ರ ಮೇನಲ್ಲಿ.

ನಮ್ಮ ಮನೆಗಳನ್ನು ಅಳೆಯಲು ಹೊರಟರೆ

ಅಮೆರಿಕದ ವಿಧಾನವನ್ನು ಹಾಗೇ ಎತ್ತಿ ತಂದರೆ ಕೆಲಸಕ್ಕೆ ಬರಲ್ಲ. ಕಾರ್ಪೆಟ್ ಎಲ್ಲಿದೆ? ರೆಡ್ ಆಕ್ಸೈಡ್, ಸಿಮೆಂಟು, ಟೈಲ್ಸ್, ಸಗಣಿ ಸಾರಿಸಿದ ನೆಲ, ಅದೂ ದಿನಾ ಗುಡಿಸಿ ಒರೆಸಿದ್ದು. ದೂಳು ಹುಡುಕೋದಾದರೆ ಹತ್ತಿ ಹಾಸಿಗೆ, ಸೊಳ್ಳೆಪರದೆ, ಫ್ಯಾನಿನ ರೆಕ್ಕೆ, ಕಿಟಕಿ ಸರಳು ನೋಡಬೇಕು.

ಸೊಳ್ಳೆ ಬತ್ತಿಯದ್ದು ಇನ್ನೊಂದು ಗೋಜಲು. ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಷ್ಟು ಅಂತ 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಮಗುವಿಗೆ ಕೆಮ್ಮು ಬಂದರೆ ದೂರಬೇಕಾದ್ದು ಕೀಟನಾಶಕವನ್ನೋ, ಹೊಗೆಯನ್ನೋ? ಬತ್ತಿ ಹಚ್ಚುವ ಮನೆಯಲ್ಲಿ ಸೌದೆ ಒಲೆಯೂ ಇರಬಹುದು, ಗಾಳಿ ಬೆಳಕಿಲ್ಲದ ಒಂದೇ ಕೋಣೆಯೂ ಇರಬಹುದು. ಬಡತನದ ಪರಿಣಾಮವನ್ನು ರಾಸಾಯನಿಕದ ತಲೆಗೆ ಕಟ್ಟುವ ಅಪಾಯವೂ ಇದೆ, ರಾಸಾಯನಿಕದ ಪರಿಣಾಮವನ್ನು 'ಬಡತನ, ಅಷ್ಟೇ' ಅಂತ ತೇಲಿಸುವ ಅಪಾಯವೂ ಇದೆ.

ಜೊತೆಗೆ ಸೊಳ್ಳೆ ಸುಮ್ಮನೆ ಕಾಟ ಕೊಡುವ ಪ್ರಾಣಿಯಲ್ಲ. 2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಮಲೇರಿಯಾ ತಡೆಗೆ ಮನೆ ಗೋಡೆಗೇ ಡಿಡಿಟಿ, ಪೈರೆಥ್ರಾಯ್ಡ್ ಹೊಡೆಯುವ ದಕ್ಷಿಣ ಆಫ್ರಿಕಾದ ಲಿಂಪೊಪೊದಲ್ಲಿ ವೆಂಬೆ ಅಧ್ಯಯನ ಸುಮಾರು 750 ತಾಯಿ ಮಕ್ಕಳನ್ನು ಹಿಂಬಾಲಿಸಿದ್ದು ಇದೇ ಇಕ್ಕಟ್ಟಿನಲ್ಲಿ: ರೋಗ ತಡೆಯಬೇಕು, ತಡೆಯುವ ವಿಷದ ಬೆಲೆಯೂ ಗೊತ್ತಾಗಬೇಕು. ನಮಗೆ ಹತ್ತಿರದ ಮಾದರಿ ಅದು.

ಇಲ್ಲಿ ನಿಯಮ ಇಲ್ಲ ಅಂತಲ್ಲ. 1968ರ ಕೀಟನಾಶಕ ಕಾಯ್ದೆ ಪ್ರಕಾರ ಸೊಳ್ಳೆ ಬತ್ತಿಗೂ ನೋಂದಣಿ ಬೇಕು. ನೋಂದಣಿಯೇ ಇಲ್ಲದ ಸೊಳ್ಳೆ ಅಗರಬತ್ತಿ 'ಗಿಡಮೂಲಿಕೆ' ಅಂತ ಬರೆದುಕೊಂಡು ಪೆಟ್ಟಿಗೆ ಅಂಗಡಿಯಲ್ಲಿ ನೇತಾಡುತ್ತೆ, ಅದರೊಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿರಲ್ಲ. ಅಮೆರಿಕದ ಮನೆಗಳಿಂದ ಎರಡು ದಶಕದ ಹಿಂದೆ ಹೊರಬಿದ್ದ ಕ್ಲೋರ್‌ಪೈರಿಫಾಸ್, ನಮ್ಮಲ್ಲಿ ಕಟ್ಟಡಗಳ ಗೆದ್ದಲು ತಡೆಗೆ ಐಎಸ್ 6313 ಮಾನಕದ ಪಟ್ಟಿಯಲ್ಲೇ ಇರುವ ರಾಸಾಯನಿಕ. 2020ರ ಮೇನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಲು ಹೊರಟ 27 ಕೀಟನಾಶಕಗಳ ಕರಡಿನಲ್ಲಿ ಅದರ ಹೆಸರಿತ್ತು. 2023ರಲ್ಲಿ ಅಂತಿಮ ಆದೇಶ ಬಂದಾಗ ಅದಕ್ಕೆ ಪೂರ್ತಿ ನಿಷೇಧ ಬೀಳಲಿಲ್ಲ. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ಕೆಲವು ವಿನಾಯಿತಿಗಳೊಂದಿಗೆ ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು.

ಈಗ ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಮಂಡ್ಯದ ಒಂದು ಮನೆಗೋ ಬೆಂಗಳೂರಿನ ಶೀಟ್ ಮನೆಗೋ ಹೋಗಿ ಕೇಳುವುದಾದರೆ ಅದನ್ನು ಹೀಗೆ ಬಿಡಿಸಿ ಕೇಳಬೇಕಾಗುತ್ತೆ. ರಾತ್ರಿ ಸೊಳ್ಳೆಗೆ ಏನು ಮಾಡ್ತೀರಿ, ಪ್ಯಾಕೆಟ್ ಇದ್ರೆ ತೋರಿಸ್ತೀರಾ? ಅದು ಮಗು ಮಲಗೋ ಕೋಣೇಲೇ ಇರುತ್ತಾ, ಕಿಟಕಿ ತೆಗೆದಿರ್ತೀರಾ? ಜಿರಳೆಗೆ? ಇಲಿಗೆ? ಹೇನಿಗೆ? ಮನೆ ಕಟ್ಟಿದಾಗ ಗೆದ್ದಲಿಗೆ ಏನಾದ್ರೂ ಹೊಡೆಸಿದ್ರಾ? ಬಸುರಿ ಇದ್ದಾಗ ತವರಲ್ಲಿದ್ರಾ, ಅಲ್ಲಿ ಏನು ಬಳಸ್ತಿದ್ರು? ಮನೇಲಿ ಯಾರಾದ್ರೂ ಹೊಲಕ್ಕೆ, ತೋಟಕ್ಕೆ ಔಷಧಿ ಹೊಡೆಯೋಕೆ ಹೋಗ್ತಾರಾ? ಪಂಪು, ಡಬ್ಬ ಎಲ್ಲಿಡ್ತಾರೆ? ಹೊಡೆದು ಬಂದ ದಿನ ಆ ಬಟ್ಟೆ ಯಾರು ಒಗೀತಾರೆ, ಮಗುವಿನ ಬಟ್ಟೆಯೂ ಅದೇ ಬಕೆಟ್ಟಲ್ಲಾ?